ಆಫ್ರಿಕಾದ ಸಿಹಿನೀರಿನ ಮೀನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಕೊನೆಗೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಮೊದಲ ಪ್ರಶ್ನೆಗಳು

ಆಫ್ರಿಕಾದಲ್ಲಿ ಒಟ್ಟು ಎಷ್ಟು ಜಾತಿ ಸಿಹಿನೀರಿನ ಮೀನುಗಳಿವೆ? ಒಂದು ನಂಬರ್ ಹೇಳಿ ಸಾಕು.

3,000ಕ್ಕಿಂತ ಜಾಸ್ತಿ. ಇಡೀ ಯುರೋಪಿನಲ್ಲಿ ಇರುವುದು 500ರ ಆಸುಪಾಸು ಅಂತ ನೆನಪಿಟ್ಟುಕೊಂಡರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಇದಕ್ಕಿಂತ ಖಚಿತವಾದ ಸಂಖ್ಯೆಯನ್ನು ಯಾರಾದರೂ ಕೊಟ್ಟರೆ ಅದು ಆ ವರ್ಷದ ಲೆಕ್ಕ ಅಂದುಕೊಳ್ಳಿ. ಪ್ರತಿ ವರ್ಷ ಹೊಸ ಜಾತಿಗಳಿಗೆ ಹೆಸರಿಡುತ್ತಾರೆ, ಎರಡು ಅಂದುಕೊಂಡಿದ್ದು ಒಂದೇ ಅಂತ ಆಗುತ್ತದೆ, ಒಂದು ಅಂದುಕೊಂಡಿದ್ದು ನಾಲ್ಕಾಗುತ್ತದೆ. ಮಲಾವಿ ಸರೋವರ ಒಂದರಲ್ಲೇ ಸಿಕ್ಲಿಡ್ ಮೀನುಗಳ (ಜಿಲೇಬಿ ಮೀನಿನ ಕುಟುಂಬ) ಅಂದಾಜು 800ರಿಂದ 1,000ದವರೆಗೆ ಓಡಾಡುತ್ತದೆ. ಅಲ್ಲಿನ ಎಷ್ಟೋ ಮೀನುಗಳಿಗೆ ಡೈವಿಂಗ್ ಮಾಡಿದವರು, ಮೀನು ಹಿಡಿದು ಮಾರುವವರು ಇಟ್ಟ ಅಡ್ಡಹೆಸರು ಮಾತ್ರ ಇದೆ. ವಿಜ್ಞಾನದ ಹೆಸರು ಇನ್ನೂ ಬಂದಿಲ್ಲ.

ಮಾರ್ಕೆಟ್‌ನಲ್ಲಿ ಜಿಲೇಬಿ ಅಂತ ಮಾರ್ತಾರಲ್ಲ, ಅದು ನಿಜವಾಗ್ಲೂ ಆಫ್ರಿಕಾದ ಮೀನಾ?

ಹೌದು. ಮೊದಲು ನಮ್ಮಲ್ಲಿಗೆ ಬಂದದ್ದು ಮೊಜಾಂಬಿಕ್ ತಿಲಾಪಿಯಾ, 1952ರಲ್ಲಿ. ಆಫ್ರಿಕಾದ ಆಗ್ನೇಯ ಭಾಗದ, ಜಾಂಬೆಜಿ ನದಿಯ ಕೆಳಭಾಗದ ಕಡೆಯ ಮೀನು ಅದು. ಕೆರೆ ತುಂಬಾ ಬೆಳೆಯುತ್ತದೆ, ಬಡವರಿಗೆ ಅಗ್ಗದ ಮೀನಾಗುತ್ತದೆ ಅನ್ನುವ ಆಸೆಯಿಂದ ತಂದರು. ಬೆಳೆಯಿತು ನಿಜ, ಆದರೆ ಅಂದುಕೊಂಡ ಹಾಗೆ ಅಲ್ಲ. ಕೆಲವೇ ತಿಂಗಳಿಗೆ ಮೊಟ್ಟೆ ಇಡಲು ಶುರು ಮಾಡುತ್ತದೆ, ಮರಿಗಳನ್ನು ತಾಯಿ ಬಾಯಿಯಲ್ಲೇ ಇಟ್ಟು ಕಾಯುವುದರಿಂದ ಉಳಿಯುವ ಮರಿಗಳೂ ಜಾಸ್ತಿ. ಕೊನೆಗೆ ಕೆರೆ ತುಂಬಾ ಬೆರಳುದ್ದದ ಮೀನುಗಳೇ ಆಗಿಬಿಡುತ್ತವೆ, ಬಲೆಗೆ ಬಿದ್ದರೂ ಬೆಲೆ ಇಲ್ಲ. ಕಾವೇರಿಯಲ್ಲೂ ಅದು ಬೀಡುಬಿಟ್ಟಿದೆ. ಈಗ ಸಾಕಣೆಯಲ್ಲಿ ಹೆಚ್ಚಾಗಿರುವುದು ಅದರ ನೆಂಟ, ನೈಲ್ ತಿಲಾಪಿಯಾ. ಬಾಲದ ಮೇಲೆ ಅಡ್ಡ ಗೆರೆಗಳು ಸಾಲಾಗಿ ನೀಟಾಗಿ ಕಂಡರೆ ಅದು ನೈಲ್ ತಿಲಾಪಿಯಾ ಇರುವ ಸಾಧ್ಯತೆ ಹೆಚ್ಚು.

ತಿಲಾಪಿಯಾ ಅನ್ನೋದು ಒಂದು ಮೀನಿನ ಹೆಸರಾ ಅಥವಾ ಗುಂಪಿನ ಹೆಸರಾ?

ಮಾರ್ಕೆಟ್‌ನಲ್ಲಿ ಅದು ಗುಂಪಿನ ಹೆಸರು. ವರ್ಗೀಕರಣದಲ್ಲಿ ಮಾತ್ರ ಕಥೆ ಬೇರೆ. ಒಂದು ಕಾಲದಲ್ಲಿ ಇವೆಲ್ಲ ತಿಲಾಪಿಯಾ ಅನ್ನುವ ಒಂದೇ ಕುಲದಲ್ಲಿ ಇದ್ದವು. ಲಂಡನ್ನಿನ ಮ್ಯೂಸಿಯಂನಲ್ಲಿ ಜೀವಮಾನವಿಡೀ ಕೆಲಸ ಮಾಡಿದ ಎಥೆಲ್ವಿನ್ ಟ್ರೆವಾವಸ್ ಇವುಗಳನ್ನು ವಿಂಗಡಿಸುವಾಗ ಹಲ್ಲು, ಮೂಳೆಗಳ ಜೊತೆಗೆ ಮೀನು ಮರಿ ಸಾಕುವ ರೀತಿಗೂ ಬೆಲೆ ಕೊಟ್ಟರು. ತಳದಲ್ಲಿ ಮೊಟ್ಟೆ ಇಟ್ಟು ಕಾಯುವವು ತಿಲಾಪಿಯಾ. ಗಂಡು ಅಥವಾ ಇಬ್ಬರೂ ಬಾಯಿಯಲ್ಲಿ ಕಾಯುವವು ಸರೋಥೆರೊಡಾನ್. ತಾಯಿ ಮಾತ್ರ ಬಾಯಿಯಲ್ಲಿ ಕಾಯುವವು ಓರಿಯೋಕ್ರೊಮಿಸ್. ನಮ್ಮ ಜಿಲೇಬಿ ಈ ಮೂರನೆಯದು. ಆಮೇಲೆ 2013ರಲ್ಲಿ ಡಿಎನ್‌ಎ ನೋಡಿ ಉಳಿದ ತಿಲಾಪಿಯಾಗಳನ್ನೂ ಇನ್ನಷ್ಟು ಒಡೆದರು, ಕಾಪ್ಟೊಡಾನ್ ಅನ್ನುವುದು ಬೇರೆ ಕುಲವಾಯಿತು. ಹೀಗಾಗಿ ಪ್ರಪಂಚದ ಊಟದ ತಟ್ಟೆಗೆ ಬೀಳುವ ತಿಲಾಪಿಯಾಗಳಲ್ಲಿ ಬಹುಪಾಲು ಈಗ ತಿಲಾಪಿಯಾ ಕುಲದಲ್ಲೇ ಇಲ್ಲ.

ಟ್ರೆವಾವಸ್ ಅವರ ಈ ಕೆಲಸ ನನಗೆ ತುಂಬಾ ಇಷ್ಟ. ಜಾಡಿಯಲ್ಲಿ ಸತ್ತು ಬಿದ್ದ ಮೀನನ್ನು ಅಳೆಯುವವರು, ಅದು ಬದುಕಿದ್ದಾಗ ಏನು ಮಾಡುತ್ತಿತ್ತು ಅಂತಲೂ ಕೇಳಿದರು.

ಸಿಕ್ಲಿಡ್ ಅಂತ ಎಲ್ಲರೂ ಹೇಳ್ತಾರೆ, ಅದನ್ನು ಗುರುತು ಹಿಡಿಯೋದು ಹೇಗೆ?

ಒಂದು ಜಿಲೇಬಿ ಮೀನನ್ನೇ ಕೈಯಲ್ಲಿ ಹಿಡಿದು ನೋಡಿ. ಮೂತಿಯ ಒಂದೊಂದು ಬದಿಯಲ್ಲಿ ಒಂದೇ ಮೂಗಿನ ರಂಧ್ರ ಇರುತ್ತದೆ. ಹೆಚ್ಚಿನ ಮೀನುಗಳಿಗೆ ಎರಡೆರಡು. ಆಮೇಲೆ ಮೈಯ ಪಕ್ಕದಲ್ಲಿ ಹೋಗುವ ಗೆರೆ ನೋಡಿ. ಕಿವಿರಿನ ಹಿಂದೆ ಮೇಲ್ಗಡೆ ಶುರುವಾಗಿ ಅರ್ಧದಾರಿಯಲ್ಲಿ ನಿಂತುಹೋಗುತ್ತದೆ. ಮತ್ತೆ ಸ್ವಲ್ಪ ಕೆಳಗೆ ಇನ್ನೊಂದು ಗೆರೆ ಶುರುವಾಗಿ ಬಾಲದ ಕಡೆ ಹೋಗುತ್ತದೆ. ಈ ಎರಡು ಸೇರಿದರೆ ಬಹುಮಟ್ಟಿಗೆ ಸಿಕ್ಲಿಡ್.

ಮುಖ್ಯವಾದ ಗುರುತು ಒಳಗಿದೆ. ಗಂಟಲಲ್ಲಿ ಇನ್ನೊಂದು ಜೊತೆ ದವಡೆ ಇರುತ್ತದೆ, ಅದಕ್ಕೂ ಹಲ್ಲುಗಳಿರುತ್ತವೆ. ಅಗಿಯುವ ಕೆಲಸ ಅಲ್ಲಿ ನಡೆಯುವುದರಿಂದ ಮುಂದಿನ ಬಾಯಿಗೆ ಹಿಡಿಯುವ, ಕೆರೆಯುವ, ಹೀರುವ ಕೆಲಸ ಮಾತ್ರ. ಬಸವನಹುಳು ಒಡೆಯುವ ಮೀನಿನ ಗಂಟಲ ಹಲ್ಲು ಗುಂಡಗೆ ದಪ್ಪಗೆ ಇರುತ್ತದೆ, ಪಾಚಿ ತಿನ್ನುವುದರದ್ದು ಸಣ್ಣಗೆ ಒತ್ತಾಗಿ. ಮುಂದೆ ಸರೋವರಗಳ ಬಗ್ಗೆ ಓದುವಾಗ ಈ ಎರಡನೇ ದವಡೆ ನೆನಪಿರಲಿ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಿದರೆ ಕೇಸ್ ಹಾಕ್ತಾರಂತೆ ನಿಜಾನಾ? ಅಷ್ಟು ಕೆಟ್ಟ ಮೀನಾ ಅದು?

ನಿಷೇಧ ಇರುವುದು ನಿಜ. ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆ ನಿಲ್ಲಿಸಲು ಹೇಳಿದೆ. ಬೆಂಗಳೂರಿನ ಸುತ್ತಮುತ್ತಲ ಹೊಂಡಗಳ ಮೇಲೆ ದಾಳಿ ಮಾಡಿ ಮೀನನ್ನು ಹೂಳಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

ಆ ಮೀನಿನ ಹೆಸರು ಕ್ಲೇರಿಯಸ್ ಗ್ಯಾರಿಪೈನಸ್. ಅದರ ಊರಲ್ಲಿ ಅದು ಕೆಟ್ಟ ಮೀನೇನೂ ಅಲ್ಲ. ದಕ್ಷಿಣ ಆಫ್ರಿಕಾದಿಂದ ನೈಲ್ ನದಿಯವರೆಗೆ ಹರಡಿದೆ, ಲಕ್ಷಾಂತರ ಜನಕ್ಕೆ ಆಹಾರ. ಅದರ ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕಿವಿರುಗಳ ಮೇಲೆ, ಹೂಕೋಸಿನ ಹಾಗೆ ಕವಲೊಡೆದ ಕೆಂಪು ಅಂಗ ಕಾಣುತ್ತದೆ. ಅದರಿಂದಲೇ ಗಾಳಿ ಉಸಿರಾಡುತ್ತದೆ. ನೀರು ಕೊಳೆತರೂ ಸಾಯುವುದಿಲ್ಲ, ಮಳೆ ಬಂದ ರಾತ್ರಿ ಹಸಿ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ನೀರಿಗೆ ಹೋಗುತ್ತದೆ. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಇಂಥ ಮೀನು ನಮ್ಮ ನದಿಗೆ ತಪ್ಪಿಸಿಕೊಂಡರೆ ಇಲ್ಲಿನ ಸಣ್ಣ ಮೀನುಗಳ ಗತಿ ಏನು? ಸಾಕುವ ಹೊಂಡಕ್ಕೆ ಕೋಳಿ ಅಂಗಡಿಯ ಕಸ ಹಾಕುವುದು ಬೇರೆ ಸಮಸ್ಯೆ, ಅದು ಮನುಷ್ಯರದ್ದು.

ಅಲ್ಲಿನ ಎಷ್ಟೋ ಮೀನು ನಮ್ಮವೇ ಥರ ಕಾಣುತ್ತವೆ, ಯಾಕೆ?

ನೆಂಟಸ್ತಿಕೆ ಇದೆ, ಅದಕ್ಕೆ. ಕೊರವ ಮೀನಿನ ಕುಟುಂಬ ಅಲ್ಲೂ ಇದೆ, ಪ್ಯಾರಾಚನ್ನಾ ಅನ್ನುತ್ತಾರೆ. ಗೆಂಡೆಗಳ ಗುಂಪು, ಮುಳ್ಳಿನ ಹಾವುಮೀನುಗಳ ಕುಟುಂಬ, ಮೀಸೆಯ ಕ್ಲೇರಿಯಸ್ ಕುಟುಂಬ ಎರಡೂ ಕಡೆ ಇವೆ. ಇವುಗಳಲ್ಲಿ ಗೆಂಡೆಯಂಥವು ಏಷ್ಯಾದಿಂದ ಆ ಕಡೆಗೆ ಹೋದವು ಅಂತ ಒಪ್ಪಿಕೊಂಡಿದ್ದಾರೆ.

ನಮಗೆ ಹತ್ತಿರದ ಉದಾಹರಣೆ ಸಿಕ್ಲಿಡ್‌ಗಳದ್ದು. ಭಾರತಕ್ಕೆ ಸ್ವಂತವಾದ ಸಿಕ್ಲಿಡ್ ಮೂರೇ ಜಾತಿ. ಅದರಲ್ಲಿ ಒಂದು ಎಟ್ರೋಪ್ಲಸ್ ಕೆನರೆನ್ಸಿಸ್, ದಕ್ಷಿಣ ಕನ್ನಡದ ನದಿಗಳ ಮೀನು. ಮೀನುತಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ಹೆಸರಿಟ್ಟದ್ದು. ಈ ಮೂರಕ್ಕೂ ಅತಿ ಹತ್ತಿರದ ಬಂಧುಗಳು ಮಡಗಾಸ್ಕರ್‌ನಲ್ಲಿವೆ, ಆಫ್ರಿಕಾದ ಒಳನಾಡಿನಲ್ಲಿ ಅಲ್ಲ. ಭಾರತ ಮತ್ತು ಮಡಗಾಸ್ಕರ್ ಒಟ್ಟಿಗೆ ಇದ್ದಾಗಿನ ನೆಂಟಸ್ತಿಕೆ ಅಂತ ಒಂದು ವಾದ. ಅವು ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಆದರೆ ಸಿಕ್ಕಿರುವ ಅತಿ ಹಳೆಯ ಸಿಕ್ಲಿಡ್ ಪಳೆಯುಳಿಕೆ ಟಾಂಜಾನಿಯಾದ ಮಹೆಂಗೆಯದು, ಅದಕ್ಕೆ ಸುಮಾರು 4.6 ಕೋಟಿ ವರ್ಷ ಮಾತ್ರ. ಹಾಗಾಗಿ ಆಮೇಲೆ ಸಮುದ್ರ ದಾಟಿ ಬಂದಿರಬೇಕು ಅನ್ನುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

## ಹಳೆಯ ಕುಲಗಳು, ವಿಚಿತ್ರ ಕುಲಗಳು

ಬೇರೆಲ್ಲೂ ಇಲ್ಲದ, ಆಫ್ರಿಕಾದಲ್ಲಿ ಮಾತ್ರ ಇರುವ ಮೀನು ಯಾವುದು?

ತುಂಬಾ ಇವೆ. ನಾನು ಮೊದಲು ಹೇಳುವುದು ಬಿಚಿರ್. ಉದ್ದ ಮೈ, ಗಟ್ಟಿ ಹೊಳೆಯುವ ಹುರುಪೆ, ಬೆನ್ನ ಮೇಲೆ ಒಂದೇ ರೆಕ್ಕೆ ಇರುವ ಬದಲು ಸಾಲಾಗಿ ಸಣ್ಣ ಸಣ್ಣ ರೆಕ್ಕೆಗಳು. ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಗಿದ್ದ ಪ್ರಾಣಿಶಾಸ್ತ್ರಜ್ಞ ಜೆಫ್ರಾಯ್ ಸೇಂಟ್ ಹಿಲೇರ್ ಇದನ್ನು ನೈಲ್‌ನಲ್ಲಿ ನೋಡಿ ಬೆರಗಾದರು. 1803ರಲ್ಲಿ ಫ್ರಾನ್ಸಿನ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಲಾಸೆಪೇಡ್ ಇದನ್ನು ಪಾಲಿಪ್ಟೆರಸ್ ಕುಲಕ್ಕೆ ಸೇರಿಸಿದರು. ಇದಕ್ಕೆ ಶ್ವಾಸಕೋಶ ಇದೆ. ಮೂಳೆಮೀನುಗಳ ವಂಶವೃಕ್ಷದಲ್ಲಿ ಮಿಕ್ಕ ರೆಕ್ಕೆಕಡ್ಡಿಯ ಮೀನುಗಳೆಲ್ಲ (ರೆಕ್ಕೆಗೆ ತೆಳ್ಳನೆಯ ಕಡ್ಡಿಗಳ ಆಧಾರ ಇರುವ, ನಾವು ನೋಡುವ ಬಹುಪಾಲು ಮೀನುಗಳು) ಕವಲೊಡೆಯುವ ಮೊದಲೇ ಬೇರೆಯಾದ ಕೊಂಬೆ ಇದು.

ಡೆಂಟಿಸೆಪ್ಸ್ ಅನ್ನುವ ಬೆರಳುದ್ದದ ಮೀನು ಇನ್ನೊಂದು. ಬೆನಿನ್, ನೈಜೀರಿಯಾ ಕಡೆಯ ತೊರೆಗಳದ್ದು, 1959ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾಯಿತು. ನಮ್ಮ ಬೂತಾಯಿಯ ದೊಡ್ಡ ಗುಂಪಿನ ಅತಿ ಹಳೆಯ ಕವಲು. ತಲೆಯ ಮೇಲೆಲ್ಲ ಹಲ್ಲಿನಂಥ ಸಣ್ಣ ಮುಳ್ಳುಗಳು.

ಇಷ್ಟು ಹಳೆಯ ಕುಲಗಳೂ, ಮೊನ್ನೆ ಮೊನ್ನೆ ಹುಟ್ಟಿದ ನೂರಾರು ಸಿಕ್ಲಿಡ್‌ಗಳೂ ಒಂದೇ ಖಂಡದಲ್ಲಿ ಇವೆ. ಆಫ್ರಿಕಾದ ಮೀನುಗಳ ಬಗ್ಗೆ ಒಂದೇ ಮಾತು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಜಾತಿಗಳ ಸಂಖ್ಯೆ ನೋಡಿದರೆ ಸಿಕ್ಲಿಡ್‌ಗಳೇ ಎದ್ದು ಕಾಣುತ್ತವೆ. ಎಷ್ಟು ಕೋಟಿ ವರ್ಷದ ಇತಿಹಾಸ ಅಲ್ಲಿ ಉಳಿದುಕೊಂಡಿದೆ ಅಂತ ನೋಡಿದರೆ ಬಿಚಿರ್‌ನಂಥವು ಎದ್ದು ಕಾಣುತ್ತವೆ. ಎರಡನ್ನೂ ನೋಡಬೇಕು.

ಲಂಗ್‌ಫಿಶ್ ನೀರಿಲ್ಲದೆ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತಂತೆ, ಅದು ಹೇಗೆ ಸಾಧ್ಯ?

ಲಂಗ್‌ಫಿಶ್ ಅಂದರೆ ಶ್ವಾಸಕೋಶದಿಂದ ಗಾಳಿ ಉಸಿರಾಡುವ ಮೀನು. ಆಫ್ರಿಕಾದಲ್ಲಿ ಪ್ರೊಟಾಪ್ಟೆರಸ್ ಕುಲದ ನಾಲ್ಕು ಜಾತಿಗಳಿವೆ. ಮಣ್ಣಲ್ಲಿ ಮಲಗುವುದಕ್ಕೆ ಹೆಸರಾದದ್ದು ಪಶ್ಚಿಮ ಆಫ್ರಿಕಾದ ಕಡೆ ಸಿಗುವ ಅನೆಕ್ಟೆನ್ಸ್. ಕೆರೆ ಬತ್ತುತ್ತಾ ಬಂದಾಗ ಅದು ಕೆಸರನ್ನು ಬಾಯಿಂದ ಅಗಿದು ಕಿವಿರಿನಿಂದ ಹೊರಹಾಕುತ್ತಾ ಕೆಳಗೆ ಇಳಿಯುತ್ತದೆ. ತಳದಲ್ಲಿ ತಿರುಗಿ, ಬಾಲ ಮುಖದ ಮೇಲೆ ಬರುವ ಹಾಗೆ ಮಡಚಿಕೊಂಡು ಮಲಗುತ್ತದೆ. ಮೈಯಿಂದ ಸುರಿದ ಲೋಳೆ ಒಣಗಿ ತೆಳ್ಳಗಿನ ಕಂದು ಚೀಲವಾಗುತ್ತದೆ. ಬಾಯಿಯ ಹತ್ತಿರ ಮಾತ್ರ ಒಂದು ಸಣ್ಣ ತೂತು, ಉಸಿರಿಗೆ. ಎದೆಬಡಿತ ಇಳಿಯುತ್ತದೆ, ಸ್ವಂತ ಸ್ನಾಯುವನ್ನೇ ಕರಗಿಸಿಕೊಂಡು ಬದುಕುತ್ತದೆ. ಮೀನುಗಳು ಸಾಮಾನ್ಯವಾಗಿ ಅಮೋನಿಯಾವನ್ನು ನೀರಿಗೆ ಬಿಡುತ್ತವೆ. ಇಲ್ಲಿ ನೀರೇ ಇಲ್ಲವಲ್ಲ, ಅದಕ್ಕೆ ಅದನ್ನು ಯೂರಿಯಾ ಮಾಡಿ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕೆರೆಯಲ್ಲಿ ಮುಂದಿನ ಮಳೆಯವರೆಗೆ ಕೆಲವು ತಿಂಗಳು ಸಾಕು. ಪ್ರಯೋಗಾಲಯದಲ್ಲಿ ನಾಲ್ಕು ವರ್ಷದವರೆಗೂ ಉಳಿದಿದ್ದುಂಟು.

ನೀರಲ್ಲಿ ಇದ್ದಾಗಲೂ ದೊಡ್ಡ ಲಂಗ್‌ಫಿಶ್ ಮೇಲೆ ಬಂದು ಗಾಳಿ ಎಳೆದುಕೊಳ್ಳಲೇಬೇಕು. ತಡೆದು ಹಿಡಿದರೆ ಮುಳುಗಿ ಸಾಯುತ್ತದೆ. ವಂಶದ ಲೆಕ್ಕದಲ್ಲಿ ಅದು ಜಿಲೇಬಿ ಮೀನಿಗಿಂತ ನಮಗೆ ಹತ್ತಿರ.

ಕರೆಂಟ್ ಹೊಡೆಯೋ ಮೀನು ಅಲ್ಲಿ ಇದ್ಯಾ?

ಇದೆ, ಎರಡು ಬಗೆಯದ್ದು. ಜೋರಾಗಿ ಹೊಡೆಯುವುದು ಮಲಾಪ್ಟೆರುರಸ್ ಅನ್ನುವ ಕ್ಯಾಟ್‌ಫಿಶ್. ದೊಡ್ಡದು 350 ವೋಲ್ಟ್‌ವರೆಗೆ ಕೊಡುತ್ತದೆ. ಹಳೆಯ ಈಜಿಪ್ಟಿನ ಗೋರಿಗಳ ಗೋಡೆಯ ಮೇಲೂ ಅದನ್ನು ಕೆತ್ತಿದ್ದಾರೆ.

ಇನ್ನೊಂದು ಬಗೆ ತುಂಬಾ ಮೆಲ್ಲಗೆ, ಕೈಗೆ ಗೊತ್ತೇ ಆಗದಷ್ಟು. ಮಾರ್ಮಿರಿಡ್ ಕುಟುಂಬ, 200ಕ್ಕೂ ಹೆಚ್ಚು ಜಾತಿ, ಪೂರ್ತಿ ಆಫ್ರಿಕಾದ್ದೇ. ಕೆಲವಕ್ಕೆ ಮೂತಿ ಉದ್ದ ಇರುವುದರಿಂದ ಆನೆಮೀನು ಅನ್ನುತ್ತಾರೆ. ಬಾಲದ ಬುಡದಲ್ಲಿರುವ ಅಂಗದಿಂದ ಸಣ್ಣ ಸಣ್ಣ ವಿದ್ಯುತ್ ಮಿಡಿತ ಬಿಟ್ಟು, ಸುತ್ತಲಿನ ವಸ್ತುಗಳಿಂದ ಅದು ಹೇಗೆ ಬದಲಾಗುತ್ತದೆ ಅಂತ ಚರ್ಮದಿಂದ ಗ್ರಹಿಸಿ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತವೆ. ಮೀನಿಗೆ ಇಂಥ ಶಕ್ತಿ ಇದೆ ಅಂತ 1951ರಲ್ಲಿ ಹಾನ್ಸ್ ಲಿಸ್ಮನ್ ತೋರಿಸಿದರು, ಅವರು ನೋಡಿದ್ದು ಇವುಗಳ ಹತ್ತಿರದ ಬಂಧು ಜಿಮ್ನಾರ್ಕಸ್ ಅನ್ನು. ಇಷ್ಟನ್ನು ಲೆಕ್ಕ ಹಾಕಲು ದೊಡ್ಡ ಮಿದುಳು ಬೇಕು. ಪೀಟರ್ಸ್ ಆನೆಮೀನಿನ ಮೈ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 60 ಮಿದುಳಿಗೇ ಹೋಗುತ್ತದೆ. ಮನುಷ್ಯರಲ್ಲಿ ಅದು ಶೇ. 20.

ವರ್ಗೀಕರಣಕ್ಕೂ ಇದರಿಂದ ಉಪಯೋಗ ಆಗಿದೆ. ನೋಡಲು ಒಂದೇ ಥರ ಇರುವ ಮೀನುಗಳ ಮಿಡಿತವನ್ನು ಯಂತ್ರದಲ್ಲಿ ದಾಖಲಿಸಿದರೆ ಒಂದೊಂದರ ಅಲೆ ಒಂದೊಂದು ಆಕಾರ. ಗಂಡು ಹೆಣ್ಣು ಪರಸ್ಪರ ಗುರುತಿಸುವುದೂ ಇದರಿಂದಲೇ.

ಟೈಗರ್‌ಫಿಶ್ ಅಂದರೆ ಆಫ್ರಿಕಾದ ಪಿರಾನಾನಾ?

ದೂರದ ನೆಂಟ ಅನ್ನಬಹುದು. ಟೆಟ್ರಾ, ಪಿರಾನಾ ಎಲ್ಲ ಸೇರಿದ ದೊಡ್ಡ ಗುಂಪು ದಕ್ಷಿಣ ಅಮೆರಿಕ ಮತ್ತು ಆಫ್ರಿಕಾ ಎರಡೂ ಕಡೆ ಇದೆ. ಕಾಂಗೋದ ಗೋಲಿಯತ್ ಟೈಗರ್‌ಫಿಶ್ 50 ಕಿಲೋವರೆಗೆ ತೂಗುತ್ತದೆ, ಬಾಯಿ ಮುಚ್ಚಿದರೂ ಹಲ್ಲುಗಳು ಹೊರಗೇ ಕಾಣುತ್ತವೆ.

## ಯಾವ ನೀರಲ್ಲಿ ಏನಿದೆ

ಇಷ್ಟು ದೊಡ್ಡ ಖಂಡವನ್ನು ಮೀನಿನ ಲೆಕ್ಕದಲ್ಲಿ ಹೇಗೆ ಭಾಗ ಮಾಡ್ತಾರೆ?

ದೇಶದ ಗಡಿಗಳನ್ನು ಮರೆತುಬಿಡಿ. ಮೀನಿಗೆ ಗಡಿ ಅಂದರೆ ಎರಡು ನದಿಗಳ ನಡುವಿನ ಎತ್ತರದ ನೆಲ, ಇಲ್ಲವೇ ಜಲಪಾತ. ಮೀನುತಜ್ಞ ಟೈಸನ್ ರಾಬರ್ಟ್ಸ್ 1975ರಲ್ಲಿ ಹತ್ತು ಪ್ರಾಂತ್ಯ ಮಾಡಿದರು, ಇವತ್ತಿಗೂ ಜನ ಅದನ್ನೇ ತಿದ್ದಿ ಬಳಸುತ್ತಾರೆ. ನೈಲ್‌ನಿಂದ ಸೆನೆಗಲ್‌ವರೆಗಿನ ನೈಲೋ-ಸುಡಾನ್ ಪಟ್ಟಿ ಒಂದು. ಇಷ್ಟು ದೂರದ ನದಿಗಳಲ್ಲಿ ಒಂದೇ ಮೀನುಗಳು ಯಾಕೆ ಅಂದರೆ, ಸಹಾರಾ ಹಸಿರಾಗಿದ್ದ ಕಾಲದಲ್ಲಿ ಇವುಗಳ ನೀರು ಅಲ್ಲಲ್ಲಿ ಕೂಡುತ್ತಿತ್ತು. ಕಾಂಗೋ ಇನ್ನೊಂದು, ಸಾವಿರಕ್ಕೂ ಹೆಚ್ಚು ಜಾತಿ. ಮೇಲಿನ ಗಿನಿ, ಕೆಳಗಿನ ಗಿನಿ, ಜಾಂಬೆಜಿ, ಪೂರ್ವ ಕರಾವಳಿ, ಇಥಿಯೋಪಿಯಾದ ಎತ್ತರದ ನೆಲ, ಉತ್ತರದ ಮಘ್ರೆಬ್ ಇತ್ಯಾದಿ. ತೀರಾ ದಕ್ಷಿಣದ ಕೇಪ್ ಪ್ರಾಂತ್ಯದಲ್ಲಿ ಜಾತಿ ಕಡಿಮೆ, ಆದರೆ ಅಲ್ಲಿ ಗ್ಯಾಲಾಕ್ಸಿಯಸ್ ಅನ್ನುವ ಪುಟ್ಟ ಮೀನಿದೆ, ಅದರ ಬಂಧುಗಳು ಇರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದಲ್ಲಿ.

ವಿಕ್ಟೋರಿಯಾ, ಮಲಾವಿ, ಟಾಂಗನಿಕಾ. ಮೂರೂ ಸರೋವರ ತಾನೇ, ಏನು ವ್ಯತ್ಯಾಸ?

ವಯಸ್ಸು ಮತ್ತು ಆಳ. ಟಾಂಗನಿಕಾ ತುಂಬಾ ಹಳೆಯದು, 90 ಲಕ್ಷದಿಂದ 1.2 ಕೋಟಿ ವರ್ಷ ಅಂತ ಅಂದಾಜು, ಆಳ 1,470 ಮೀಟರ್. ಆದರೆ ಆಮ್ಲಜನಕ ಇರುವುದು ಮೇಲಿನ 200 ಮೀಟರ್ ಆಸುಪಾಸಿನಲ್ಲಿ ಮಾತ್ರ, ಮೀನುಗಳೆಲ್ಲ ಅಲ್ಲೇ. ಸಿಕ್ಲಿಡ್ ಸುಮಾರು 250 ಜಾತಿ, ಒಂದಕ್ಕೊಂದು ತುಂಬಾ ಬೇರೆ. ಸಿಕ್ಲಿಡ್ ಅಲ್ಲದವೂ ಅಲ್ಲೇ ಕವಲೊಡೆದಿವೆ, ಮುಳ್ಳಿನ ಹಾವುಮೀನು, ಕ್ಯಾಟ್‌ಫಿಶ್, ಬೂತಾಯಿಯ ಬಂಧುಗಳಾದ ಎರಡು ಜಾತಿ ಸಣ್ಣ ಮೀನು ಕೂಡ. ಅದರಲ್ಲಿ ಒಂದನ್ನು 1960ರ ದಶಕದ ಕೊನೆಗೆ ಕರಿಬಾ ಅಣೆಕಟ್ಟಿನ ನೀರಿಗೆ ಬಿಟ್ಟರು, ಒಣಗಿಸಿದ ಕಪೆಂಟಾ ಅಂತ ಈಗ ಜಾಂಬಿಯಾ, ಜಿಂಬಾಬ್ವೆಯ ಮನೆಮನೆಯ ಊಟ.

ಮಲಾವಿ ಜಾತಿಗಳ ಸಂಖ್ಯೆಯಲ್ಲಿ ಪ್ರಪಂಚದ ಸರೋವರಗಳಲ್ಲೇ ಮುಂದೆ. ವಿಕ್ಟೋರಿಯಾ ಅಗಲದಲ್ಲಿ ದೊಡ್ಡದು, ಸುಮಾರು 68,800 ಚದರ ಕಿಲೋಮೀಟರ್, ಆಳ ಮಾತ್ರ 80 ಮೀಟರ್ ಅಷ್ಟೇ. ವಯಸ್ಸಿನ ವಿಷಯದಲ್ಲಿ ಅದು ಮಗು.

ವಿಕ್ಟೋರಿಯಾದಲ್ಲಿ 15,000 ವರ್ಷದಲ್ಲಿ 500 ಜಾತಿ ಹುಟ್ಟಿದವು ಅಂತಾರೆ. ಇದನ್ನು ನಂಬೋದು ಹೇಗೆ?

ಕೇಳಬೇಕಾದ ಪ್ರಶ್ನೆಯೇ. ಸರೋವರದ ತಳದ ಕೆಸರನ್ನು ಕೊಳವೆಯಲ್ಲಿ ತೆಗೆದು ನೋಡಿದಾಗ ಸುಮಾರು 15,000 ವರ್ಷದ ಹಿಂದೆ ಅದು ಒಣಗಿತ್ತು ಅಂತ ಗೊತ್ತಾಗಿದೆ. ಹಾಗಾದರೆ ಈಗಿರುವ ಜಾತಿಗಳು ಆಮೇಲಿನವು. ಇಷ್ಟು ಬೇಗ ಹೇಗೆ ಅನ್ನುವುದಕ್ಕೆ ಉತ್ತರ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು, ಶುರುವಿನಲ್ಲೇ ಬಂಡವಾಳ ಇತ್ತು. ಬೇರೆ ಬೇರೆ ನದಿಗಳಲ್ಲಿ ಬಹಳ ಕಾಲ ದೂರ ಇದ್ದ ಎರಡು ಸಿಕ್ಲಿಡ್ ವಂಶಗಳು ಈ ಪ್ರದೇಶದಲ್ಲಿ ಬೆರೆತವು ಅಂತ 2017ರ ಡಿಎನ್‌ಎ ಕೆಲಸ ತೋರಿಸಿತು. ಬೆರಕೆಯಿಂದ ಬಂದ ಹಳೆಯ ವೈವಿಧ್ಯವನ್ನು ಹೊಸ ಹೊಸ ಜೋಡಣೆಯಲ್ಲಿ ಬಳಸಿದರೆ ಸಾಕು, ಎಲ್ಲವನ್ನೂ ಹೊಸದಾಗಿ ಹುಟ್ಟಿಸಬೇಕಿಲ್ಲ.

ಎರಡನೆಯದು ಆಗಲೇ ಹೇಳಿದ ಗಂಟಲ ದವಡೆ. ತಿನ್ನುವ ರೀತಿ ಬೇಗ ಬದಲಾಗಲು ಅದು ದಾರಿ ಮಾಡಿಕೊಟ್ಟಿತು.

ಮೂರನೆಯದು ಕಣ್ಣು. ಪುಂಡಮಿಲಿಯಾ ಕುಲದ ಎರಡು ಮೀನು ತೆಗೆದುಕೊಳ್ಳಿ. ಒಂದರ ಗಂಡು ನೀಲಿ, ಮೇಲಿನ ನೀರಲ್ಲಿ ಇರುತ್ತದೆ. ಇನ್ನೊಂದರ ಗಂಡು ಕೆಂಪು, ಸ್ವಲ್ಪ ಆಳದಲ್ಲಿ. ವಿಕ್ಟೋರಿಯಾದ ನೀರಲ್ಲಿ ಕೆಳಗೆ ಹೋದ ಹಾಗೆ ನೀಲಿ ಬೆಳಕು ಸಾಯುತ್ತದೆ, ಕೆಂಪು ಉಳಿಯುತ್ತದೆ. ಆಳದ ಮೀನಿನ ಕಣ್ಣು ಕೆಂಪಿಗೆ ಹೊಂದಿಕೊಂಡಿದೆ, ಆ ಹೆಣ್ಣುಗಳಿಗೆ ಕೆಂಪು ಗಂಡೇ ಚೆನ್ನಾಗಿ ಕಾಣುತ್ತದೆ. ಓಲೆ ಸೀಹೌಸನ್ ಮತ್ತು ಜೊತೆಗಾರರು ಇದನ್ನು ಬಿಡಿಸಿ ತೋರಿಸಿದರು. ಇದರ ಇನ್ನೊಂದು ಮುಖ ನೋವು ಕೊಡುವಂಥದ್ದು. ಸುತ್ತಲಿನ ನೆಲದಿಂದ ಮಣ್ಣು, ಗೊಬ್ಬರ ಬಂದು ನೀರು ರಾಡಿಯಾದ ಕಡೆ ಬಣ್ಣ ಕಾಣುವುದಿಲ್ಲ, ಎರಡೂ ಕೂಡುತ್ತವೆ, ಎರಡು ಜಾತಿ ಹೋಗಿ ಮಾಸಲು ಬಣ್ಣದ ಒಂದೇ ಗುಂಪು ಉಳಿಯುತ್ತದೆ.

ಬೇರೆ ಮೀನಿನ ಹುರುಪೆ ಕಿತ್ತು ತಿನ್ನೋ ಮೀನು ಇದೆಯಂತೆ?

ಟಾಂಗನಿಕಾದ ಪೆರಿಸೋಡಸ್ ಮೈಕ್ರೊಲೆಪಿಸ್. ಹಿಂದಿನಿಂದ ಬಂದು ಪಕ್ಕೆಗೆ ಬಾಯಿ ಹಾಕಿ ಹುರುಪೆ ಕಿತ್ತುಕೊಂಡು ಓಡುತ್ತದೆ. ಅದರ ಬಾಯಿ ನೇರ ಇಲ್ಲ. ಕೆಲವಕ್ಕೆ ಬಲಕ್ಕೆ ಸೊಟ್ಟ, ಕೆಲವಕ್ಕೆ ಎಡಕ್ಕೆ. ಬಲಕ್ಕೆ ತಿರುಗಿದ ಬಾಯಿಯದು ಬೇಟೆಯ ಎಡಪಕ್ಕೆಗೆ ಬೀಳುತ್ತದೆ, ಇನ್ನೊಂದು ಬಲಪಕ್ಕೆಗೆ. ಬಲಬಾಯಿಯವು ಜಾಸ್ತಿಯಾದರೆ ಬೇಟೆಯ ಮೀನುಗಳು ಎಡಗಡೆ ಹುಷಾರಾಗುತ್ತವೆ, ಆಗ ಎಡಬಾಯಿಯವಕ್ಕೆ ಸುಗ್ಗಿ, ಅವುಗಳ ಮರಿ ಜಾಸ್ತಿ. ಕೆಲ ವರ್ಷದಲ್ಲಿ ತಿರುಗುಮುರುಗು. ಮಿಚಿಯೊ ಹೋರಿ ವರ್ಷಗಟ್ಟಲೆ ಎಣಿಸಿ 1993ರಲ್ಲಿ ಪ್ರಕಟಿಸಿದರು, ಎರಡರ ಪಾಲು ಅರ್ಧ ಅರ್ಧದ ಸುತ್ತ ತೂಗಾಡುತ್ತಲೇ ಇರುತ್ತದೆ.

ಅದೇ ಸರೋವರದಲ್ಲಿ ಕೋಗಿಲೆ ಬುದ್ಧಿಯ ಸಿನೊಡಾಂಟಿಸ್ ಕ್ಯಾಟ್‌ಫಿಶ್ ಕೂಡ ಇದೆ. ಸಿಕ್ಲಿಡ್ ಹೆಣ್ಣು ಮೊಟ್ಟೆ ಇಟ್ಟು ಬಾಯಿಗೆ ತೆಗೆದುಕೊಳ್ಳುವ ಗಳಿಗೆಯಲ್ಲಿ ನುಗ್ಗಿ ತನ್ನ ಮೊಟ್ಟೆ ಸೇರಿಸುತ್ತದೆ. ಅದರ ಮರಿ ಬೇಗ ಒಡೆದು, ತಾಯಿಯ ಬಾಯಿಯೊಳಗೇ ಸಿಕ್ಲಿಡ್ ಮರಿಗಳನ್ನು ತಿಂದು ಬೆಳೆಯುತ್ತದೆ.

ನದಿಯಲ್ಲಿ ಕುರುಡು ಮೀನು ಇರೋದು ಹೇಗೆ? ಗುಹೆಯಲ್ಲಿ ಅಂದ್ರೆ ಸರಿ.

ಕಾಂಗೋದಲ್ಲಿ ಗುಹೆಯ ಕುರುಡು ಮೀನೂ ಇದೆ, ಸೀಕೋಬಾರ್ಬಸ್ ಅಂತ, 1921ರಲ್ಲಿ ಮೀನುತಜ್ಞ ಬೂಲೆಂಜರ್ ಹೆಸರಿಟ್ಟದ್ದು. ನೀವು ಕೇಳುತ್ತಿರುವುದು ಲ್ಯಾಂಪ್ರೊಲೊಗಸ್ ಲೆಥಾಪ್ಸ್ ಬಗ್ಗೆ. ಕಾಂಗೋ ಸಮುದ್ರ ಸೇರುವ ಮೊದಲು ಬಿರುಸಾದ ಹರಿವುಗಳ ದಾರಿಯಲ್ಲಿ ಹೋಗುತ್ತದೆ, ಅಲ್ಲಿ ಕೆಲವು ಕಡೆ ಆಳ 200 ಮೀಟರ್ ದಾಟುತ್ತದೆ. ಅಷ್ಟು ಕೆಳಗೆ ಪೂರ್ತಿ ಕತ್ತಲು. ಈ ಬಿಳಿಚು ಸಿಕ್ಲಿಡ್ ಮೀನುಗಾರರಿಗೆ ಸಿಗುವುದು ಸಾಯುವ ಸ್ಥಿತಿಯಲ್ಲಿ, ಚರ್ಮದ ಕೆಳಗೆ ಗಾಳಿಗುಳ್ಳೆಗಳ ಜೊತೆ. ಆಳದಿಂದ ಹರಿವು ಒಮ್ಮೆಲೇ ಮೇಲಕ್ಕೆ ಎತ್ತಿಹಾಕಿದಾಗ ಒತ್ತಡ ಇಳಿದು ಹೀಗಾಗುತ್ತದೆ ಅಂತ ಮೆಲನಿ ಸ್ಟಿಯಾಸ್ನಿ ಅವರ ತಂಡ ಕಂಡುಕೊಂಡಿತು. ಅಲ್ಲಿನ ಹರಿವು ಎಷ್ಟು ಜೋರು ಅಂದರೆ ಈ ದಡದ ಸಣ್ಣ ಮೀನು ಆ ದಡಕ್ಕೆ ಹೋಗಲಾರದು. ಹೀಗಾಗಿ ನದಿಯೇ ಗೋಡೆಯಾಗಿ ಜಾತಿಗಳನ್ನು ಬೇರೆ ಮಾಡುತ್ತದೆ.

ಬೇಸಿಗೆಯಲ್ಲಿ ಒಣಗಿಹೋಗೋ ಹೊಂಡದಲ್ಲಿ ಮೀನು ಎಲ್ಲಿಂದ ಬರುತ್ತೆ?

ಪೂರ್ವ ಆಫ್ರಿಕಾದಲ್ಲಾದರೆ ಬಹುಶಃ ನೋತೊಬ್ರಾಂಕಿಯಸ್ ಕಿಲ್ಲಿಫಿಶ್. ಬೆಳೆದ ಮೀನುಗಳೆಲ್ಲ ಹೊಂಡ ಬತ್ತಿದಾಗ ಸಾಯುತ್ತವೆ, ಮೊಟ್ಟೆಗಳು ಒಣಮಣ್ಣಿನಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತವೆ. ಮಳೆ ಬಿದ್ದರೆ ಮರಿ. ಫುರ್ಜೆರಿ ಅನ್ನುವ ಜಾತಿ ಮೊಜಾಂಬಿಕ್‌ನ ಹೊಂಡಗಳಲ್ಲಿ ಎರಡೇ ವಾರದಲ್ಲಿ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ. ಕೆಲವೇ ತಿಂಗಳಲ್ಲಿ ಮುದಿಯಾಗಿ ಸಾಯುವುದರಿಂದ ಮುಪ್ಪಿನ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಸಾಕುತ್ತಾರೆ.

## ಹೆಸರು, ಡಿಎನ್‌ಎ, ಉಳಿವು

ಮೀನಿನ ಹೆಸರು ಯಾಕೆ ಸುಮ್ನೆ ಬದಲಾಯಿಸ್ತಾ ಇರ್ತಾರೆ? ಕಲಿತದ್ದೆಲ್ಲ ವ್ಯರ್ಥ ಅಲ್ವಾ?

ಸುಮ್ನೆ ಬದಲಾಯಿಸುವುದಿಲ್ಲ. ಇಥಿಯೋಪಿಯಾದ ಟಾನಾ ಸರೋವರವನ್ನೇ ನೋಡಿ. ಬೂಲೆಂಜರ್ ಕಾಲದಲ್ಲಿ, ಅಂದರೆ 1900ರ ಆಸುಪಾಸಿನಲ್ಲಿ, ಅಲ್ಲಿನ ದೊಡ್ಡ ಗೆಂಡೆಗಳಿಗೆ ಹಲವು ಹೆಸರು ಕೊಟ್ಟಿದ್ದರು. 1973ರಲ್ಲಿ ಅವೆಲ್ಲ ಒಂದೇ ಜಾತಿಯ ಬೇರೆ ಬೇರೆ ರೂಪ ಅಂತ ಒಟ್ಟು ಸೇರಿಸಿದರು. ಆದರೆ ದಡದ ಮೀನುಗಾರರು ಅವನ್ನು ಬೇರೆ ಬೇರೆಯಾಗಿಯೇ ಗುರುತಿಸುತ್ತಿದ್ದರು. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ನಾಗೆಲ್‌ಕೆರ್ಕೆ ಮತ್ತು ಸಿಬ್ಬಿಂಗ್ ಸರೋವರದಲ್ಲೇ ಕೂತು ಅಳೆದು, ಏನು ತಿನ್ನುತ್ತವೆ, ಎಲ್ಲಿ ಮೊಟ್ಟೆ ಇಡುತ್ತವೆ ಅಂತ ನೋಡಿ 15 ಜಾತಿ ಅಂತ ಬಿಡಿಸಿದರು. ಅದರಲ್ಲಿ 8 ಬೇರೆ ಮೀನು ತಿಂದು ಬದುಕುತ್ತವೆ. ದವಡೆಯಲ್ಲಿ ಹಲ್ಲೇ ಇಲ್ಲದ ಗೆಂಡೆ ಕುಟುಂಬದಲ್ಲಿ ಇದು ಅಪರೂಪ. ಒಂದೇ ಜಾತಿ ಅಂತ ಬಿಟ್ಟಿದ್ದರೆ, ಒಂದು ಹೊಳೆಗೆ ಮೊಟ್ಟೆಗೆಂದು ಹೋಗುವ ಗುಂಪನ್ನು ಬಲೆಹಾಕಿ ಮುಗಿಸಿದರೂ ಏನೂ ಆಗಿಲ್ಲ ಅಂತಲೇ ದಾಖಲೆ ಹೇಳುತ್ತಿತ್ತು.

ಸಣ್ಣ ಗೆಂಡೆಗಳದ್ದು ಇನ್ನೊಂದು ಕಥೆ. 200ಕ್ಕೂ ಹೆಚ್ಚು ಆಫ್ರಿಕಾದ ಜಾತಿಗಳು ಬಾರ್ಬಸ್ ಅನ್ನುವ ಯುರೋಪಿನ ಕುಲದಲ್ಲಿ ತುಂಬಿಕೊಂಡಿದ್ದವು. ಈಗ ಅವು ಎಂಟರೊಮಿಯಸ್. ನಮ್ಮ ಪುಂಟಿಯಸ್ ಮೀನುಗಳಿಗೂ 2012ರ ಸುಮಾರಿಗೆ ಇದೇ ಆಯಿತು, ಪೆಥಿಯಾ, ಡಾಕಿನ್ಸಿಯಾ ಅಂತ ಒಡೆದರು.

ನೈಲ್ ಪರ್ಚ್ ಬಿಟ್ಟು ವಿಕ್ಟೋರಿಯಾ ಹಾಳು ಮಾಡಿದ್ರು ಅಂತಾರೆ. ಪೂರ್ತಿ ನಿಜಾನಾ?

ಬಹುಪಾಲು ನಿಜ, ಆದರೆ ಅದೊಂದೇ ಕಾರಣ ಅಲ್ಲ. ಎರಡು ಮೀಟರ್‌ವರೆಗೆ, 200 ಕಿಲೋವರೆಗೆ ಬೆಳೆಯುವ ಈ ಮೀನನ್ನು 1950ರ ದಶಕದಲ್ಲಿ ಅಲ್ಲಿಗೆ ಬಿಟ್ಟರು. ನಮ್ಮ ಕರಾವಳಿಯಲ್ಲಿ ಸಾಕುವ ಸೀಬಾಸ್ ಇದೇ ಲೇಟಿಸ್ ಕುಲದ್ದು. ಸುಮಾರು ಮೂರು ದಶಕ ಸುಮ್ಮನಿದ್ದು 1980ರ ದಶಕದಲ್ಲಿ ಒಮ್ಮೆಲೇ ತುಂಬಿಕೊಂಡಿತು. ಸುಮಾರು 200 ಜಾತಿ ಸಿಕ್ಲಿಡ್ ಕಣ್ಮರೆಯಾದವು ಅಂತ ಅಂದಾಜು. ರಾಡಿ ನೀರು, ಆಮ್ಲಜನಕದ ಕೊರತೆ, ಸಣ್ಣ ಕಣ್ಣಿನ ಬಲೆ ಕೂಡ ಜೊತೆಗೆ ಕೈಹಾಕಿದವು. 1977ರಿಂದ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತಂಡ ಸರೋವರದ ಮ್ವಾಂಜಾ ಕೊಲ್ಲಿಯಲ್ಲಿ ಬಲೆಗೆ ಬಿದ್ದದ್ದನ್ನು ಲೆಕ್ಕ ಇಡುತ್ತಿತ್ತು, ಹಾಗಾಗಿ ಈ ನಾಶ ಹೇಗೆ ನಡೆಯಿತು ಅಂತ ನಮಗೆ ಗೊತ್ತಿದೆ. ಅವರು ಸಂಗ್ರಹಿಸಿದ ಮೀನುಗಳಲ್ಲಿ ಹೆಸರಿಡುವ ಮೊದಲೇ ಸರೋವರದಿಂದ ಹೋದವೂ ಇವೆ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಇನ್ನೊಂದು ಕಡೆ, ಪರ್ಚ್ ಹಿಡಿದು ಮಾರಿ ಬದುಕುವ ಲಕ್ಷಾಂತರ ಜನ ಅಲ್ಲಿದ್ದಾರೆ. ಪರ್ಚ್ ಕಡಿಮೆಯಾದ ಮೇಲೆ ಕೆಲವು ಸಿಕ್ಲಿಡ್‌ಗಳು ಮರಳಿದವು, ಕೆಲವು ಮೊದಲಿಗಿಂತ ಬೇರೆ ಆಹಾರ ತಿನ್ನುತ್ತಾ.

ನನ್ನ ಟ್ಯಾಂಕ್‌ನಲ್ಲಿ ಮಲಾವಿ ಸಿಕ್ಲಿಡ್ ಇವೆ. ಫೋಟೋ ಕಳಿಸಿದರೆ ಯಾವ ಜಾತಿ ಅಂತ ಹೇಳ್ತೀರಾ? ಇಲ್ಲ ಅಂದ್ರೆ ಡಿಎನ್‌ಎ ಟೆಸ್ಟ್ ಮಾಡಿಸಲಾ?

ಡಿಎನ್‌ಎ ದುಡ್ಡು ಉಳಿಸಿಕೊಳ್ಳಿ. ಸಾಮಾನ್ಯವಾಗಿ ಜಾತಿ ಗುರುತಿಸಲು ನೋಡುವ ಒಂದು ತುಣುಕು ಜೀನ್ ಇದೆ. ಬೇರೆ ಮೀನುಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಯಾಂಟೊಡಾನ್ ಅನ್ನುವ ಚಿಟ್ಟೆಮೀನನ್ನು ನೋಡಿ, ನೈಜರ್ ಕಡೆಯದೂ ಕಾಂಗೋದ್ದೂ ಕಣ್ಣಿಗೆ ಒಂದೇ, ಡಿಎನ್‌ಎ ಪ್ರಕಾರ ಅವು ಬೇರೆಯಾಗಿ 5 ಕೋಟಿ ವರ್ಷ ದಾಟಿದೆ. ಸರೋವರದ ಸಿಕ್ಲಿಡ್‌ಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಕಣ್ಣಿಗೆ ಬೇರೆ ಬೇರೆ, ಹಲ್ಲು ಬೇರೆ, ಬಣ್ಣ ಬೇರೆ, ಆದರೆ ಆ ತುಣುಕು ಎಲ್ಲದರಲ್ಲೂ ಒಂದೇ ಥರ ಇರುತ್ತದೆ, ಬದಲಾಗಲು ಸಮಯವೇ ಸಿಕ್ಕಿಲ್ಲ. ಪೂರ್ತಿ ಜೀನೋಮ್ ಓದಿದರೆ ಮಾತ್ರ ಬಿಡಿಸಬಹುದು.

ಫೋಟೋ ಕಳಿಸಿ, ಆದರೆ ಮೊಟ್ಟೆ ಕಾಲದಲ್ಲಿ ಪೂರ್ತಿ ಬಣ್ಣ ಬಂದ ಗಂಡಿನದು, ಒಂದು ಪಕ್ಕದಿಂದ ನೇರವಾಗಿ, ರೆಕ್ಕೆ ಬಿಚ್ಚಿಕೊಂಡಿರುವಾಗ ತೆಗೆದದ್ದು ಕಳಿಸಿ. ಬಾಯಿ ಹತ್ತಿರದಿಂದ ಇನ್ನೊಂದು. ಕಾಡಿನಿಂದ ಹಿಡಿದ ಮೀನಾದರೆ ಯಾವ ದಡದ್ದು ಅಂತ ಅಂಗಡಿಯವರನ್ನು ಕೇಳಿ ಬರೆಯಿರಿ, ಬಂಡೆಗಳ ಮೀನುಗಳಲ್ಲಿ ಒಂದು ಮರಳು ಕೊಲ್ಲಿ ದಾಟಿದರೆ ಬಣ್ಣವೇ ಬದಲಾಗುತ್ತದೆ. ಇಲ್ಲೇ ಮರಿ ಮಾಡಿಸಿ ಮಾರುವ "ಮಿಕ್ಸ್ ಆಫ್ರಿಕನ್" ಆದರೆ ಮೊದಲೇ ಹೇಳಿಬಿಡುತ್ತೇನೆ, ಹಲವು ಜಾತಿಗಳನ್ನು ಒಂದೇ ಟ್ಯಾಂಕ್‌ನಲ್ಲಿ ಇಟ್ಟು ಮಾಡಿದ ಬೆರಕೆ ಮರಿ ಅದರಲ್ಲಿ ಬೇಕಾದಷ್ಟು ಇರುತ್ತವೆ. ಅವಕ್ಕೆ ಜಾತಿಯ ಹೆಸರು ಕೊಡಲು ಆಗುವುದಿಲ್ಲ. ಚೆನ್ನಾಗಿ ಸಾಕಿ, ಜಾಗ ಸಾಲದಾದರೆ ಅಂಗಡಿಗೇ ವಾಪಸ್ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ.